ಎತ್ತರದವನ ಹಾಳೆ

ನಾನು ಕುಳ್ಳಿ. ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಡೆದದ್ದೆಲ್ಲ ಅದರ ಸುತ್ತಲೇ. ಐದಡಿಗೆ ಒಂದು ಇಂಚು ಕಮ್ಮಿ. ಧಾರವಾಡದಲ್ಲಿದ್ದಾಗ ಇದು ಗಮನಕ್ಕೆ ಬಂದ ಸಂಗತಿಯೇ ಅಲ್ಲ, ನಮ್ಮ ಮನೆಯ ಹೆಂಗಸರೆಲ್ಲ ಹೆಚ್ಚುಕಮ್ಮಿ ಇಷ್ಟೇ. ನೆದರ್ಲೆಂಡ್ಸ್‌ಗೆ ಬಂದ ಮೇಲೆ ಗೊತ್ತಾಯಿತು. ನಮ್ಮ ಬಾಡಿಗೆ ಮನೆಯ ಬಚ್ಚಲಿನ ಕನ್ನಡಿಯಲ್ಲಿ ನನಗೆ ಕಾಣುವುದು ಹಣೆಯ ಕುಂಕುಮ ಮಾತ್ರ. ಅಂಗಡಿಯ ಮೇಲಿನ ಹಲಗೆಯಿಂದ ಮೊಸರು ಬೇಕೆಂದರೆ ಯಾರನ್ನಾದರೂ ಕರೆಯಬೇಕು. ಸೈಕಲ್ಲು ಕೊಳ್ಳಲು ಹೋದಾಗ ಅಂಗಡಿಯವನು ಒಂದು ಮಾತೂ ಕೇಳದೆ ಸೀದಾ ಮಕ್ಕಳ ಸಾಲಿನ ಮುಂದೆ ಕರೆದೊಯ್ದು ನಿಲ್ಲಿಸಿದ. ಮೈಯೆಲ್ಲ ಉರಿದುಹೋಯಿತು. ಆದರೂ ಆ ಸಾಲಿನಿಂದಲೇ ಒಂದು ಕೆಂಪು ಸೈಕಲ್ಲು ತಂದೆ, ಮತ್ಯಾವುದೂ ನನಗೆ ಸರಿಹೊಂದಲಿಲ್ಲ.

ಕಾರಿನದು ಇನ್ನೂ ದೊಡ್ಡ ಗೋಳು. ಕಾಲು ಪೆಡಲಿಗೆ ಎಟುಕಬೇಕಾದರೆ ಸೀಟನ್ನು ಮುಂದೆ, ಇನ್ನೂ ಮುಂದೆ ಎಳೆಯಬೇಕು. ಅಷ್ಟರಲ್ಲಿ ಸ್ಟೀರಿಂಗು ಎದೆಗೆ ಬಂದು ತಾಗಿರುತ್ತದೆ. ನನಗೆ ಡ್ರೈವಿಂಗ್ ಕಲಿಸಿದ ಡಚ್ ಹೆಂಗಸು, ಒಳ್ಳೆಯವಳು, ಪ್ರತಿ ಪಾಠದಲ್ಲೂ "ಇಷ್ಟು ಹತ್ತಿರ ಕೂರಬೇಡ, ಏರ್‌ಬ್ಯಾಗ್ ಹೊಡೆದರೆ ಪಕ್ಕೆಲುಬು ಮುರಿಯುತ್ತೆ" ಎನ್ನುತ್ತಿದ್ದಳು. ಹಿಂದೆ ಸರಿದು ಕೂತರೆ "ಬ್ರೇಕ್ ಪೂರ್ತಿ ಒತ್ತು" ಎನ್ನುತ್ತಿದ್ದಳು. ಎರಡನ್ನೂ ಒಟ್ಟಿಗೆ ಮಾಡುವ ಕಾರನ್ನು ಯಾರೂ ಮಾಡಿಲ್ಲ ಎಂದು ಅವಳಿಗೆ ಹೇಳಿ ಏನು ಉಪಯೋಗ?

ಹೇಳಬೇಕಾದ ಜಾಗದಲ್ಲಿ ನಾನೇ ಇದ್ದೆ. ನಾನು ಮೆಕ್ಯಾನಿಕಲ್ ಎಂಜಿನಿಯರ್. ಡ್ರೈವರ್ ಎಲ್ಲಿ ಕೂರಬೇಕು, ಕೈ ಎಲ್ಲಿಗೆ ಹೋಗಬೇಕು, ಕಾಲು ಎಲ್ಲಿಗೆ ಮುಟ್ಟಬೇಕು, ತಲೆಯ ಮೇಲೆ ಎಷ್ಟು ಜಾಗ ಇರಬೇಕು ಎಂದು ಲೆಕ್ಕ ಹಾಕುವುದೇ ನನ್ನ ಕೆಲಸ. ಐಂಡ್‌ಹೋವನ್ ಪಕ್ಕದ ಬೆಸ್ಟ್ ಎನ್ನುವ ಊರಿನ ಹೊರಗೆ, ಹೆದ್ದಾರಿಯ ಸದ್ದು ಕೇಳುವ ಒಂದು ಉದ್ದನೆಯ ಶೆಡ್ಡಿನಲ್ಲಿ ನಮ್ಮ ವರ್ಕ್‌ಶಾಪು. ಅಮೆರಿಕದ ಒಂದು ಕಾರು ಕಂಪನಿಗೆ ನಾವು ಕಾನ್ಸೆಪ್ಟ್ ಕಾರು ಮಾಡಿಕೊಡುತ್ತಿದ್ದೆವು. ಮಾರಾಟದ ಕಾರಲ್ಲ ಅದು. ಪ್ರದರ್ಶನದಲ್ಲಿ ದೀಪದ ಕೆಳಗೆ ನಿಲ್ಲಿಸಿ "ನಾಳೆ ಹೀಗಿರುತ್ತದೆ" ಎಂದು ತೋರಿಸುವ ಒಂದೇ ಒಂದು ಕಾರು. ಕೆಲವಕ್ಕೆ ಎಂಜಿನ್ನೇ ಇರುವುದಿಲ್ಲ. ನಾಲ್ಕು ಜನ ಹಿಂದಿನಿಂದ ತಳ್ಳಿ ವೇದಿಕೆಗೆ ತರುತ್ತಾರೆ, ತಳ್ಳಿದವರು ಓಡಿ ಪರದೆಯ ಹಿಂದೆ ಹೋಗುತ್ತಾರೆ, ಆಮೇಲೆ ಸಂಗೀತ ಶುರುವಾಗುತ್ತದೆ.

ಆ ಕಾರಿನ ರೂಪ ಬರೆದವರು ಎಪ್ಪತ್ತು ದಾಟಿದ ಒಬ್ಬ ಅಮೆರಿಕನ್ ಡಿಸೈನರ್. ಎರಡು ತಿಂಗಳಿಗೊಮ್ಮೆ ನಮ್ಮಲ್ಲಿಗೆ ಬರುತ್ತಿದ್ದರು. ಜೀವಮಾನವೆಲ್ಲ ಇಂಥ ಕಾರುಗಳನ್ನೇ ಮಾಡಿದವರು. "ನಾನು ಮಾಡಿದ ಒಂದು ಕಾರಿನಲ್ಲೂ ಇದುವರೆಗೆ ಯಾರೂ ಕೆಲಸಕ್ಕೆ ಹೋಗಿಲ್ಲ" ಎಂದು ತಾವೇ ನಗುತ್ತಿದ್ದರು. ಗೋಡೆಯ ಮೇಲೆ ಕಾರಿನಷ್ಟೇ ಉದ್ದದ ಬಿಳಿ ಹಾಳೆ ಅಂಟಿಸಿ, ಅದರ ಮೇಲೆ ಕಪ್ಪು ಟೇಪು ಎಳೆದು ಗೆರೆ ಮೂಡಿಸುತ್ತಿದ್ದರು. ಚಾವಣಿಯ ಗೆರೆಯನ್ನು ಮೂಗಿನಿಂದ ಬಾಲದವರೆಗೆ ಒಂದೇ ಉಸಿರಿನಲ್ಲಿ ಎಳೆಯುವರು. ನಾವೆಲ್ಲ ಕೆಲಸ ನಿಲ್ಲಿಸಿ ನೋಡುತ್ತಿದ್ದೆವು. ಪ್ರತಿ ಸಲ ಬಂದಾಗಲೂ ಆ ಗೆರೆ ಒಂದು ಬೆರಳಷ್ಟು ಕೆಳಗೆ ಇಳಿಯುತ್ತಿತ್ತು. ಕಾರು ಎಷ್ಟು ತಗ್ಗಾದರೆ ಅಷ್ಟು ಚೆಂದ, ಅದು ಅವರ ಹುಚ್ಚು. ನಿಜವಾಗಿಯೂ ಚೆಂದವೇ ಇತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮ ತಂಡಕ್ಕೆ ಮುಖ್ಯಸ್ಥರಾಗಿದ್ದವರು ಮೈಸೂರಿನವರು. ನನಗಿಂತ ಹದಿನೈದು ವರ್ಷ ದೊಡ್ಡವರು, ಅಮೆರಿಕದ ಸ್ಟುಡಿಯೋದಲ್ಲಿ ಕೆಲಸ ಮಾಡಿ ಇಲ್ಲಿಗೆ ಬಂದವರು. ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರೂ ಅವರೇ. ಬಂದ ಮೊದಲ ದಿನ ಐಂಡ್‌ಹೋವನ್ ಸ್ಟೇಷನ್ನಿಗೆ ತಮ್ಮ ಕಾರು ತಂದು ನನ್ನನ್ನೂ ನನ್ನ ಗಂಡನನ್ನೂ ಕರೆದೊಯ್ದಿದ್ದರು. ಮನೆ ಸಿಗುವವರೆಗೆ ಮೂರು ವಾರ ಅವರ ಮನೆಯಲ್ಲೇ ಇದ್ದೆವು. ಆಫೀಸಿನಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು. ನನಗೆ ಅವರ ಹೆಸರು ಬಾಯಿಗೆ ಬರಲಿಲ್ಲ. "ಅಣ್ಣಾರ" ಅಂದೆ. ಅವರು ನಕ್ಕು "ಅಣ್ಣಾರ ಅಂದ್ರೆ ಯಾರೋ ರಾಜಕಾರಣಿ ಥರ ಕೇಳ್ಸತ್ತಮ್ಮ" ಅಂದರು, ಆದರೆ ಹಾಗೇ ಉಳಿಯಿತು.

ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಗೆ ಅಣ್ಣ ಕರೆಯಲು ಬರಬೇಕು, ಬರದಿದ್ದರೆ ಅದೊಂದು ದುಃಖ. ಊಟದ ಹೊತ್ತಿನಲ್ಲಿ ಬ್ರೆಡ್ಡು ಕಚ್ಚುತ್ತಾ ಸುಮ್ಮನೆ ಈ ಮಾತು ಹೇಳಿದ್ದೆ. ಆ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಗಂಟೆ ಸದ್ದಾಯಿತು. ಬಾಗಿಲಲ್ಲಿ ಅವರು. "ನಡಿಯಮ್ಮ, ಕರ್ಕೊಂಡ್ ಹೋಗಕ್ ಬಂದಿದೀನಿ, ಬೆಸ್ಟೇ ನಿನ್ನ ತವರುಮನೆ ಅಂದ್ಕೋ." ನಾನು ಅಳುವುದು ಕಡಿಮೆ. ಅವತ್ತು ಅತ್ತೆ. ಅಲ್ಲಿಂದ ಮುಂದೆ ಪ್ರತಿ ವರ್ಷ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಡಬ್ಬಿ ತುಂಬಿಕೊಂಡು ಅವರ ಮನೆಗೆ ಹೋಗುತ್ತಿದ್ದೆ. ಅವರ ಹೆಂಡತಿಗೆ ವೈನಿ ಎನ್ನುತ್ತಿದ್ದೆ. ಇಷ್ಟು ಯಾಕೆ ಹೇಳುತ್ತಿದ್ದೇನೆಂದರೆ, ನಾನು ದಡ್ಡಿಯಾಗಿ ಮೋಸ ಹೋದವಳಲ್ಲ ಎಂದು ನಿಮಗೆ ಗೊತ್ತಾಗಲಿ.

ಈ ಹೊಸ ಕಾರಿನ ಕೆಲಸ ಶುರುವಾದಾಗ ನಾನು ಅವರ ಹತ್ತಿರ ನನ್ನ ಯೋಚನೆ ಹೇಳಿದೆ. ಸೀಟು ಹಿಂದೆಯೇ ಇರಲಿ, ಪೆಡಲುಗಳೇ ಕಾಲಿನ ಹತ್ತಿರ ಬರಲಿ. ಇದು ಹೊಸದೇನಲ್ಲ, ಹಿಂದೆ ಕೆಲವರು ಮಾಡಿ ಕೈಬಿಟ್ಟಿದ್ದಾರೆ. ಆದರೆ ಪೆಡಲಿನ ಜೊತೆ ಅದರ ಕೆಳಗಿನ ನೆಲವೂ ಸರಿದು ಬರಬೇಕು, ಹಿಮ್ಮಡಿಗೆ ಆಸರೆ ಸಿಗಬೇಕು, ಇಲ್ಲದಿದ್ದರೆ ಕಾಲು ತೂಗಾಡುತ್ತದೆ. ಈ ಸರಿಯುವ ನೆಲ ನನ್ನದು. ಕಾನ್ಸೆಪ್ಟ್ ಕಾರಿನಲ್ಲಿ ಒಮ್ಮೆ ಬಂದರೆ ನಾಲ್ಕು ಜನ ನೋಡುತ್ತಾರೆ, ನೋಡಿದವರಲ್ಲಿ ಒಬ್ಬರು ನಿಜವಾದ ಕಾರಿನಲ್ಲಿ ಹಾಕುತ್ತಾರೆ. ನನಗೆ ಬೇಕಾಗಿದ್ದುದು ಅಷ್ಟೇ. ಜಗತ್ತಿನ ಅರ್ಧ ಹೆಂಗಸರು ಎದೆಗೆ ಸ್ಟೀರಿಂಗು ಒತ್ತಿಕೊಂಡೇ ಗಾಡಿ ಓಡಿಸಬೇಕೇನು?

ಅಣ್ಣಾರು ಪೂರ್ತಿ ಕೇಳಿದರು. ಮುಂದಿನ ಸಲ ಡಿಸೈನರ್ ಬಂದಾಗ ಮೂವರೂ ಒಂದೇ ಮೇಜಿಗೆ ಕೂತೆವು. ಮುದುಕರು ನನ್ನನ್ನು ಕಾರಿನ ಮರದ ಅಚ್ಚಿನಲ್ಲಿ ಕೂರಿಸಿದರು. ಮರ, ಫೋಮು, ಒಂದು ಹಳೆಯ ಸೀಟು, ಅಷ್ಟೇ ಇರುವ ಈ ಅಚ್ಚಿಗೆ ನಮ್ಮಲ್ಲಿ ಬಕ್ ಎನ್ನುತ್ತಾರೆ. ನನ್ನ ಮೊಣಕಾಲು, ಭುಜ, ಕಣ್ಣಿನ ಮಟ್ಟ ಎಲ್ಲಕ್ಕೂ ಟೇಪು ಅಂಟಿಸಿ ಅಳೆದರು. "ಕಾರು ಶುರುವಾಗಬೇಕಾದ್ದು ಮನುಷ್ಯರಿಂದ. ಈ ಸಲ ನಿನ್ನಿಂದ" ಅಂದರು. ಅವತ್ತು ಸಂಜೆ ಸೈಕಲ್ಲಿನಲ್ಲಿ ಮನೆಗೆ ಬರುವಾಗ ಎದುರುಗಾಳಿ ಇತ್ತು, ನನಗೆ ಗೊತ್ತೇ ಆಗಲಿಲ್ಲ.

ಈಗ ಹಾಳೆಯ ವಿಷಯ ಹೇಳಬೇಕು. ಪ್ರತಿ ಕಾರಿಗೂ ಒಂದು ಅಳತೆಯ ಹಾಳೆ ಇರುತ್ತದೆ. ಕಾರನ್ನು ಪಕ್ಕದಿಂದ ಕತ್ತರಿಸಿ ನೋಡಿದಂತೆ ಬರೆದು, ಅದರೊಳಗೆ ಕೂತ ಮನುಷ್ಯನ ಗೆರೆಚಿತ್ರ ಹಾಕುವುದು. ಆ ಮನುಷ್ಯ ಯಾವಾಗಲೂ ಎತ್ತರದ ಗಂಡಸು. ಅವನಿಗೆ ಜಾಗ ಸಾಕಾದರೆ ಎಲ್ಲರಿಗೂ ಸಾಕು ಎನ್ನುವುದು ಈ ಕಸುಬಿನ ರೂಢಿ. ಹಾಳೆ ನೋಡಿ ಒಪ್ಪಿಗೆ ಕೊಡುವ ಕಂಪನಿಯವರು ಅಳತೆ ಓದುವುದಿಲ್ಲ, ತಲೆಗೂ ಚಾವಣಿಗೂ ನಡುವೆ ಎಷ್ಟು ಬಿಳಿ ಜಾಗ ಇದೆ ಎಂದಷ್ಟೇ ನೋಡುತ್ತಾರೆ.

"ಯಾವಾಗ್ಲೂ ಆ ಉದ್ದನೆ ಮನುಷ್ಯಂದೇ ಆಯ್ತು" ಅಂದರು ಅಣ್ಣಾರು. "ಈ ಸಲ ಅವ್ನನ್ನ ತೆಗ್ದು ನಿನ್ನ ಚಿತ್ರಾನೇ ಹಾಕ್ಬಿಡಮ್ಮ. ಪೆಡಲ್ ನಿಂದು, ಕಾರ್‌ನಲ್ಲಿ ಕೂತಿರೋಳೂ ನೀನೇ ಆಗ್ಬೇಕು."

ನನಗೆ ಎಷ್ಟು ಆಸೆಯಾಯಿತೆಂದರೆ ಹೇಳಲಾರೆ. ಆದರೂ ಎಂಜಿನಿಯರ್ ಬುದ್ಧಿ ಪೂರ್ತಿ ಸತ್ತಿರಲಿಲ್ಲ. "ಅಣ್ಣಾರ, ಚಾವಣಿ ಭಾಳ ತಗ್ಗ ಆಗೇದ. ಎತ್ತರದವಂದು ಒಂದ ಬ್ಯಾರೆ ಹಾಳಿ ಬೇಕಲ್ಲ್ರಿ?" ಅಂದೆ.

"ಅಯ್ಯೋ, ಬೇಕೇ ಬೇಕು. ಅದನ್ನ ನಾನು ಮಾಡ್ತೀನಿ. ನೀನು ನಿನ್ನದು ಮಾಡು. ಎರಡೂ ಒಟ್ಟಿಗೆ ಕಳ್ಸೋಣ." ಇದನ್ನೇ ಇಂಗ್ಲಿಷಿನಲ್ಲಿ ಡಿಸೈನರಿಗೂ ಹೇಳಿದರು. ಮುದುಕರು ತಲೆಯಾಡಿಸಿದರು.

ನಾನು ಕಂಪ್ಯೂಟರಿನಲ್ಲಿ ಆ ಎತ್ತರದವನನ್ನು ಅಳಿಸಿದೆ. ಅವನ ಜಾಗದಲ್ಲಿ ನನ್ನ ಕಾಲು, ನನ್ನ ಸೊಂಟ, ನನ್ನ ತಲೆ ಇಟ್ಟೆ. ತಲೆಯ ಮೇಲೆ ಒಂದು ಗೇಣು ಬಿಳಿ ಜಾಗ ಬಂತು. ಕೆಳಗಿನ ಮೂಲೆಯಲ್ಲಿ, ಮಾಡಿದವರ ಹೆಸರು ಎಂದಿರುವಲ್ಲಿ, ನನ್ನ ಹೆಸರು ಹಾಕಿ ಅಣ್ಣಾರಿಗೆ ಕಳಿಸಿದೆ. ಎರಡನೇ ಹಾಳೆ ಆಯಿತೇ ಎಂದು ನಾನು ಕೇಳಲಿಲ್ಲ. ಅವರು ಮಾಡುತ್ತೇನೆ ಅಂದಿದ್ದರು.

ಆಮೇಲೆ ಒಂದು ವರ್ಷ ನಾನು ಪೆಡಲಿನಲ್ಲೇ ಮುಳುಗಿದೆ. ಮನೆಯಲ್ಲಿ ಅಡುಗೆಕೋಣೆಯ ನೆಲದ ಮೇಲೆ ಪ್ಲೈವುಡ್ಡಿನ ತುಂಡು, ಹಳೆಯ ಡ್ರಾಯರಿನ ಹಳಿ. ನನ್ನ ಗಂಡ ಬಾಗಲಕೋಟೆಯವನು, ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಾನೆ. ಅವನಿಗೆ ರೊಟ್ಟಿ ಬಡಿಯಲೂ ಜಾಗ ಇರಲಿಲ್ಲ. "ಏ, ಇದು ಅಡಗಿಮನಿನೋ ಗ್ಯಾರೇಜೋ? ನಂದೂ ಒಂದ ಪೆಡಲ್ ಮಾಡಿಸಿ ಕೊಡ, ಒತ್ತಿದ್ರ ರೊಟ್ಟಿ ಬರೂಹಂಗ" ಎನ್ನುತ್ತಿದ್ದ. ಬೈಯುತ್ತಲೇ ಮೊಳೆ ಹಿಡಿದುಕೊಳ್ಳುತ್ತಿದ್ದ. ಮೋಟರು ಸಿಕ್ಕಿಹಾಕಿಕೊಳ್ಳುವುದು, ಹಳಿ ಅರಚುವುದು, ಹಿಮ್ಮಡಿ ಜಾರುವುದು, ಒಂದೊಂದಾಗಿ ಸರಿಮಾಡಿದೆ. ಕೊನೆಗೊಂದು ಶುಕ್ರವಾರ ಮಧ್ಯಾಹ್ನ ಬಕ್‌ನಲ್ಲಿ ಅದನ್ನು ಕೂರಿಸಿ ಎಲ್ಲರ ಮುಂದೆ ಗುಂಡಿ ಒತ್ತಿದೆ. ಪೆಡಲೂ ನೆಲವೂ ಸದ್ದಿಲ್ಲದೆ ನನ್ನ ಕಾಲಿನ ಹತ್ತಿರ ಬಂದು ನಿಂತವು. ಬೆನ್ನು ಪೂರ್ತಿ ಒರಗಿತ್ತು, ಕೈ ಸಡಿಲವಾಗಿತ್ತು, ಹಿಮ್ಮಡಿ ನೆಲದ ಮೇಲಿತ್ತು. ಕಾರಿನಲ್ಲಿ ಹಾಗೆ ಕೂತದ್ದು ನಾನು ಹುಟ್ಟಿದ ಮೇಲೆ ಅದೇ ಮೊದಲು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಅಣ್ಣಾರು.

ಪ್ರಚಾರಕ್ಕೆ ಕಾರಿನ ಫೋಟೋ ತೆಗೆದದ್ದು ಕಾಪೆಲ್ಲೆ ಎನ್ನುವ ಊರಿನಲ್ಲಿ, ಆಫೀಸುಗಳ ನಡುವಿನ ಒಂದು ದೊಡ್ಡ ಬಿಳಿ ಹಾಲಿನಲ್ಲಿ. ಸಿದ್ಧವಾದ ಕಾರನ್ನು ಅಲ್ಲಿಗೇ ಸಾಗಿಸಿದ್ದರು. ಒಳಗೆ ಕೂರುವವಳು ನಾನೇ ಎಂದು ಅಣ್ಣಾರು ಎರಡು ವಾರ ಮೊದಲೇ ಹೇಳಿದ್ದರು. ನಾನು ಇಳಕಲ್ ಸೀರೆ ಉಡಲೇ ಎಂದು ಕೇಳಿದ್ದೆ, ಬೇಡ, ತಿಳಿಬಣ್ಣದ ಶರ್ಟು ಹಾಕು ಅಂದಿದ್ದರು. ಬಾಗಿಲು ಮೇಲಕ್ಕೆ ಎದ್ದಿತು. ಕೂತೆ. ಕಾಲು ಚಾಚಿದೆ. ಏನೂ ಸಿಗಲಿಲ್ಲ. ಬಗ್ಗಿ ನೋಡಿದರೆ ಪೆಡಲಿಲ್ಲ, ಸರಿಯುವ ನೆಲವಿಲ್ಲ. ಒಂದು ಬೋಳು ಹಲಗೆ, ಮೇಲೆ ಕಪ್ಪು ಕಾರ್ಪೆಟ್ಟು.

"ಅಣ್ಣಾರ, ಪೆಡಲ್ ಎಲ್ಲಿ ಅವ?"

"ಫೋಟೋದಲ್ಲಿ ಕಾಲು ಕಾಣಲ್ಲಮ್ಮ. ಶೋಗೆ ಮುಂಚೆ ಹಾಕ್ಸ್ತೀನಿ. ಈಗ ಸ್ವಲ್ಪ ನಗು."

ನಕ್ಕೆ. ಕಾಲು ಗಾಳಿಯಲ್ಲಿ ತೂಗುತ್ತಿದ್ದರೂ ಹಲ್ಲು ಕಿರಿದು ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಫೋಟೋಗ್ರಾಫರ್ ಹುಡುಗಿ ಪರದೆಯಲ್ಲಿ ಚಿತ್ರ ತೋರಿಸುತ್ತಾ "ನೀನು ಕೂತರೆ ಒಳಗೆ ಎಷ್ಟೊಂದು ಜಾಗ ಇರುವ ಹಾಗೆ ಕಾಣುತ್ತೆ!" ಅಂದಳು. ನಾನು ಅದಕ್ಕೂ ಥ್ಯಾಂಕ್ಸ್ ಹೇಳಿದೆ.

ಶೋಗೆ ಮೂರು ವಾರ ಇರುವಾಗ ಅಮೆರಿಕದಿಂದ ಕಂಪನಿಯ ದೊಡ್ಡ ಮ್ಯಾನೇಜರ್ ಬೆಸ್ಟ್‌ಗೆ ಬಂದರು. ಡಿಸೈನರೂ ಜೊತೆಗಿದ್ದರು. ಮ್ಯಾನೇಜರ್ ಎಂಥ ಆಳೆಂದರೆ ನಮ್ಮ ಡಚ್ಚರ ನಡುವೆಯೂ ಅವರ ತಲೆ ಎದ್ದು ಕಾಣುತ್ತಿತ್ತು. ಕಾರಿನ ಸುತ್ತ ಎರಡು ಸುತ್ತು ಬಂದು, ಕೋಟು ಬಿಚ್ಚಿ, ಒಳಗೆ ಕೂರಲು ಹೋದರು. ಮೊದಲು ಹಣೆ ಬಡಿಯಿತು. ಆಮೇಲೆ ಹೇಗೋ ನುಸುಳಿ ಕೂತರು. ಕತ್ತು ಮುರಿದಂತೆ ಬಗ್ಗಿತು, ಗದ್ದ ಎದೆಗೆ ಹತ್ತಿತು, ಮೊಣಕಾಲು ಎರಡೂ ಸ್ಟೀರಿಂಗಿನ ಆಚೀಚೆ ಎದ್ದುನಿಂತವು. ನನಗೆ ನಗು ಬಂತು. ನಗು ತುಟಿಗೆ ಬರುವ ಮೊದಲೇ ಎತ್ತರದವನ ಹಾಳೆ ನೆನಪಾಯಿತು.

ಅವರು ಹೊರಗೆ ಬಂದು ಹಣೆ ಉಜ್ಜಿಕೊಳ್ಳುತ್ತಾ ಒಂದೇ ಮಾತು ಕೇಳಿದರು. "ಯಾವ ಅಳತೆಯ ಮನುಷ್ಯನನ್ನು ಇಟ್ಟು ಈ ಚಾವಣಿ ಮಾಡಿದಿರಿ? ನಾನು ಒಪ್ಪಿದ ಹಾಳೆಯಲ್ಲಿ ತಲೆಯ ಮೇಲೆ ಇಷ್ಟು ಜಾಗ ಇತ್ತು."

ಮೀಟಿಂಗ್ ರೂಮಿನಲ್ಲಿ ಹಾಳೆ ಹರಡಿದರು. ನನ್ನ ಹಾಳೆ. ಅದರ ಕೆಳಗೆ ಇನ್ನೊಂದು ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಕೆಳಗೆ ಮೇಜಿತ್ತು.

"ಅದು ಅವಳ ನಿರ್ಧಾರ" ಎಂದರು ಅಣ್ಣಾರು ಇಂಗ್ಲಿಷಿನಲ್ಲಿ. ದನಿ ಎಷ್ಟು ಮೆತ್ತಗಿತ್ತೆಂದರೆ ಕೇಳಿದವರಿಗೆ ನನ್ನ ಮೇಲೆ ಕರುಣೆ ಬರಬೇಕು. "ಕುಳ್ಳಗಿರುವವರ ವಿಷಯದಲ್ಲಿ ಅವಳು ಸ್ವಲ್ಪ ಭಾವುಕಳು. ತನ್ನನ್ನೇ ಚಿತ್ರದಲ್ಲಿ ಹಾಕಿಬಿಟ್ಟಿದ್ದಾಳೆ. ನಾನು ಗಮನಿಸಬೇಕಿತ್ತು."

ಎಲ್ಲರೂ ನನ್ನ ಕಡೆ ತಿರುಗಿದರು. ಮೂಲೆಯಲ್ಲಿ ನನ್ನ ಹೆಸರು ಇತ್ತು, ಇಲ್ಲ ಎನ್ನುವಂತಿರಲಿಲ್ಲ. ನಾನು ಹೇಳಿದೆ, "ಎತ್ತರದ ಮನುಷ್ಯನ ಹಾಳೆ ಬೇರೆ ಇದೆ. ಎರಡೂ ಒಟ್ಟಿಗೆ ಬರಬೇಕಿತ್ತು."

"ಎಲ್ಲಿದೆ?" ಎಂದರು ಮ್ಯಾನೇಜರ್.

ನಾನು ಅಣ್ಣಾರನ್ನು ನೋಡಿದೆ. ಅವರು ನನ್ನನ್ನು ನೋಡಲಿಲ್ಲ. "ಅಂಥ ಹಾಳೆ ಯಾವುದೂ ಇಲ್ಲ" ಎಂದರು.

ಆಗ ಮುದುಕರ ಕಡೆ ನೋಡಿದೆ. ಆ ಮಾತು ಆಡಿದಾಗ ಅವರೂ ಅದೇ ಮೇಜಿನಲ್ಲಿ ಕೂತಿದ್ದರಲ್ಲ, ತಲೆಯಾಡಿಸಿದ್ದರಲ್ಲ. ಅವರು ಕೈಯಲ್ಲಿದ್ದ ಟೇಪಿನ ಸುರುಳಿಯನ್ನು ಬೆರಳಿಗೆ ಹಾಕಿ ತಿರುಗಿಸುತ್ತಿದ್ದರು. ತಿರುಗಿಸುತ್ತಲೇ ಇದ್ದರು. ಅವರ ಚಾವಣಿ ಅವರಿಗೆ ಸಿಕ್ಕಿತ್ತು.

ಮ್ಯಾನೇಜರ್ ನಿಟ್ಟುಸಿರುಬಿಟ್ಟು ತೀರ್ಮಾನ ಹೇಳಿದರು. ಫೋಟೋಗಳು ಆಗಲೇ ಹೊರಗೆ ಹೋಗಿವೆ, ಇನ್ನು ಬದಲಾಯಿಸುವಂತಿಲ್ಲ. ಶೋನಲ್ಲಿ ಬಾಗಿಲು ಮುಚ್ಚಿರಲಿ, ಯಾರನ್ನೂ ಒಳಗೆ ಕೂರಿಸಬೇಡಿ. ಇನ್ನು ಮುಂದೆ ಈಕೆಯ ಡ್ರಾಯಿಂಗನ್ನು ಮತ್ತೊಬ್ಬರು ನೋಡಿಯೇ ಕಳಿಸಬೇಕು. ನಾನು ಅಷ್ಟರಲ್ಲೂ ನಾಚಿಕೆ ಬಿಟ್ಟು ಕೇಳಿದೆ: "ನನ್ನ ಪೆಡಲ್?"

ಅವರಿಗೆ ಏನು ಎಂದೇ ಅರ್ಥವಾಗಲಿಲ್ಲ. ಅಣ್ಣಾರು ವಿವರಿಸಿದರು. ಸರಿಯುವ ನೆಲಕ್ಕೆ ನಾಲ್ಕು ಬೆರಳು ಎತ್ತರ ಬೇಕು, ಚಾವಣಿ ಇಳಿದ ಮೇಲೆ ಅಷ್ಟು ಜಾಗ ಉಳಿಯಲಿಲ್ಲ, ಅದನ್ನು ಹೋದ ವರ್ಷವೇ ಕೈಬಿಟ್ಟೆವು ಎಂದರು.

ಹೋದ ವರ್ಷವೇ! ಅಡುಗೆಕೋಣೆಯ ನೆಲದ ಮೇಲೆ ನಾನು ಮೊದಲ ಹಳಿ ಕೂರಿಸುತ್ತಿದ್ದಾಗಲೇ ಅದು ಸತ್ತುಹೋಗಿತ್ತು. ಆ ಶುಕ್ರವಾರ ಅವರು ಚಪ್ಪಾಳೆ ತಟ್ಟಿದ್ದು ಯಾವುದಕ್ಕೆ? ನನ್ನನ್ನು ಸುಮ್ಮನೆ ಆಡಲು ಬಿಟ್ಟಿದ್ದರು. ಎತ್ತರದವನ ಹಾಳೆ ಹೋಗಿದ್ದರೆ ಆ ತಗ್ಗು ಚಾವಣಿಗೆ ಒಪ್ಪಿಗೆಯೇ ಸಿಗುತ್ತಿರಲಿಲ್ಲ. ಪೆಡಲು ಸಿಗುತ್ತದೆ ಎನ್ನುವ ನಂಬಿಕೆ ಇರುವವರೆಗೆ ನಾನು ಹಾಳೆಯ ಬಗ್ಗೆ ಬಾಯಿ ಬಿಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಮೂಗಿಗೆ ತುಪ್ಪ ಸವರಿದ್ದರು, ನಾನು ವರ್ಷವಿಡೀ ಅದರ ವಾಸನೆ ಹಿಡಿದು ಓಡಾಡಿದೆ. ಎಂಥ ಮೂಳಿ ನಾನು!

ಮೀಟಿಂಗ್ ಮುಗಿದು ಎಲ್ಲರೂ ಮತ್ತೆ ಕಾರಿನ ಹತ್ತಿರ ಹೋದರು. ನಾನು ಕಾರಿಡಾರಿನ ಕಾಫಿ ಮಶಿನ್ನಿನ ಹತ್ತಿರ ನಿಂತಿದ್ದೆ. ಅಣ್ಣಾರು ಹಿಂದೆಯೇ ಬಂದರು. ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಬಂದರು.

"ಮನಸ್ಸಿಗೆ ಹಚ್ಕೋಬೇಡಮ್ಮ. ಇದೇನು ನಿನ್ನ ಕೆಲ್ಸಕ್ಕೆ ಕುತ್ತು ತರಲ್ಲ, ನಾನಿದೀನಲ್ಲ. ಬೇರೆ ಯಾರ ಹೆಸರು ಹೇಳಿದ್ರೂ ನಾಳೆ ಬೆಳಿಗ್ಗೆ ಕಂಪ್ಲೇಂಟ್ ಹಿಡ್ಕೊಂಡು ಬಂದಿರೋರು. ಈ ಜನ ಗೊತ್ತಲ್ಲ, ಬಿಡಲ್ಲ. ನೀನು ನಮ್ಮೋಳು, ಅರ್ಥ ಮಾಡ್ಕೋತೀಯ ಅನ್ನೋ ಧೈರ್ಯ ನಂಗೆ."

ಬೈಗುಳವೆಲ್ಲ ಗಂಟಲಿಗೆ ಬಂದಿತ್ತು. ಧಾರವಾಡದ ಬೈಗುಳ, ಮೈಸೂರಿನವರು ಕೇಳಿಯೂ ಇರಲಾರದಂಥವು. ಹೊರಗೆ ಬಂದದ್ದು ಬೇರೆ.

"ನೀವು ಬ್ಯಾರೆಯವರಾಗಿದ್ರ, ಆ ಎರಡನೇ ಹಾಳಿ ಎಲ್ಲದ ತೋರಸ್ರಿ ಅಂತ ನಾ ಅವತ್ತ ಕೇಳ್ತಿದ್ದೆ."

 ಅವರು ಮಶಿನ್ನಿನ ಕಡೆ ತಿರುಗಿ ತಮಗೊಂದು, ನನಗೊಂದು ಕಪ್ಪು ಇಟ್ಟು ಗುಂಡಿ ಒತ್ತಿದರು. ನಾನು ಅದು ತುಂಬುವವರೆಗೆ ನಿಲ್ಲಲಿಲ್ಲ.